ಪ್ಯಾಕಪ್ ಆದ ಮೇಲಿನ 11 ಗಂಟೆ

ಪ್ರಶ್ನೆ: ನಾನು 8 ವರ್ಷದಿಂದ ಪ್ರೊಡಕ್ಷನ್ ಮ್ಯಾನೇಜರ್. ಇಲ್ಲಿಯವರೆಗೆ ಮಾಡಿದ್ದೆಲ್ಲ ಒಂದೇ ದೇಶದೊಳಗಿನ ಶೂಟಿಂಗ್. ಈಗ ಮೊದಲ ಸಲ ಎರಡು ದೇಶಗಳ ಜಂಟಿ ನಿರ್ಮಾಣದ ಸಿನಿಮಾ ಸಿಕ್ಕಿದೆ. ಒಟ್ಟು 9 ವಾರ. ನಮ್ಮ ಜೊತೆ 35 ಜನ ಪ್ರಯಾಣ ಮಾಡುತ್ತಾರೆ, ಇನ್ನೂ 80 ಜನರನ್ನು ಆಯಾ ಊರಿನಲ್ಲೇ ತೆಗೆದುಕೊಳ್ಳುತ್ತೇವೆ. ಹೋದ ಚಿತ್ರದಲ್ಲಿ ನಾಲ್ಕನೇ ವಾರಕ್ಕೆ ಇಬ್ಬರು ಒಳ್ಳೆಯ ಕೆಲಸಗಾರರು ಬಿಟ್ಟು ಹೋದರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೊರದೇಶದಲ್ಲಿ ಹೀಗಾದರೆ ಬದಲಿ ಜನ ಕೂಡ ಸಿಗುವುದಿಲ್ಲ. ಸಿಬ್ಬಂದಿಯನ್ನು ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು "ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ" ಎನ್ನುವ ಮಾತು. ಇಂಥ ಸಮಯದಲ್ಲಿ ತುಂಬಾ ಜನ "ಅವರಿಗೆ ತಾಕತ್ತಿರಲಿಲ್ಲ ಬಿಡಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ನಾಲ್ಕನೇ ವಾರ ಎಂದು ಬೇರೆ ಬರೆದಿದ್ದೀರಿ. ನಾನು ಕಂಡ ಮಟ್ಟಿಗೆ ಯೂನಿಟ್ ಸಡಿಲವಾಗುವುದು ಅದೇ ಹೊತ್ತಿಗೆ. ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು. ಎರಡನೇ ವಾರ ಕೆಲಸ ಒಂದು ಲಯಕ್ಕೆ ಬರುತ್ತದೆ. ಮೂರನೇ ವಾರದ ಕೊನೆಗೆ ನಿದ್ದೆಯ ಬಾಕಿ ಏರಿರುತ್ತದೆ. ನಾಲ್ಕನೇ ವಾರ ಯಾರೋ ಕಾಫಿ ತಣ್ಣಗಿದೆ ಎಂದು ಜಗಳ ತೆಗೆಯುತ್ತಾರೆ. ಆ ಜಗಳಕ್ಕೂ ಕಾಫಿಗೂ ಸಂಬಂಧವೇ ಇರುವುದಿಲ್ಲ.

ಹಾಗಾಗಿ ನನ್ನ ಉತ್ತರ ಸ್ವಲ್ಪ ಸಪ್ಪೆ ಎನಿಸಬಹುದು. ಸಿಬ್ಬಂದಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಮುಕ್ಕಾಲು ಪಾಲು ಶೆಡ್ಯೂಲ್ ಮತ್ತು ಬಜೆಟ್ ಬರೆಯುವಾಗಲೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಸೆಟ್‌ನಲ್ಲಿ ಬೆನ್ನು ತಟ್ಟುವುದು, ರಜೆಯ ದಿನ ಪಾರ್ಟಿ ಕೊಡುವುದು, ಯೋಗ ಹೇಳಿಕೊಡುವವರನ್ನು ಕರೆಸುವುದು ಎಲ್ಲ ಆಮೇಲಿನ ಮಾತು. ಯೋಗ ಬೇಡ ಅಂತಲ್ಲ. ಐದು ಗಂಟೆ ಮಲಗಿ ಎದ್ದವನನ್ನು ಬೆಳಿಗ್ಗೆ ಯೋಗಕ್ಕೆ ಕರೆದರೆ ಮನಸ್ಸಿನಲ್ಲೇ ಬೈದುಕೊಳ್ಳುತ್ತಾನೆ, ಅಷ್ಟೇ.

ಮೊದಲು ನಿದ್ದೆಯ ಲೆಕ್ಕ ನೋಡೋಣ. ಇವತ್ತಿನ ಪ್ಯಾಕಪ್‌ನಿಂದ ನಾಳೆ ಸೆಟ್‌ಗೆ ಬರಬೇಕಾದ ಹೊತ್ತಿನವರೆಗಿನ, ಅಂದರೆ ಕಾಲ್ ಟೈಮ್‌ವರೆಗಿನ, ಬಿಡುವಿಗೆ ಟರ್ನ್‌ಅರೌಂಡ್ ಎನ್ನುತ್ತಾರೆ, ನಿಮಗೆ ಗೊತ್ತಿರುತ್ತದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನದ ಪ್ರಕಾರ ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆ ವಿಶ್ರಾಂತಿ ಸಿಗಬೇಕು, ವಾರದ ಕೆಲಸ ಸರಾಸರಿ 48 ಗಂಟೆ ದಾಟಬಾರದು. ಇದಕ್ಕೆ ವಿನಾಯಿತಿಗಳಿವೆ, ಒಂದೊಂದು ದೇಶ ಒಂದೊಂದು ಥರ ಜಾರಿ ಮಾಡಿದೆ. ಅಮೆರಿಕದಲ್ಲಿ 2021ರಲ್ಲಿ ಸಿನಿಮಾ, ಟಿವಿ ತಂತ್ರಜ್ಞರ ಐಎಟಿಎಸ್‌ಇ ಸಂಘದ ಸುಮಾರು 60,000 ಕೆಲಸಗಾರರು ಮುಷ್ಕರದ ಅಂಚಿಗೆ ಬಂದು ನಿಂತಿದ್ದರು. ಅವರ ಬೇಡಿಕೆಗಳಲ್ಲಿ ಸಂಬಳದಷ್ಟೇ ಜೋರಾಗಿ ಕೇಳಿಸಿದ್ದು ಊಟದ ಬಿಡುವು ಮತ್ತು ನಿದ್ದೆ. ಕೊನೆಗೆ ಆದ ಒಪ್ಪಂದದಲ್ಲಿ ದಿನಕ್ಕೆ 10 ಗಂಟೆಯ, ವಾರಾಂತ್ಯಕ್ಕೆ 54 ಗಂಟೆಯ ಬಿಡುವು ಬಂತು. ವಾರಾಂತ್ಯದ ಬಿಡುವಿಗೆ ಯಾಕೆ ಹೊಡೆದಾಡಬೇಕಾಯಿತು ಅಂದರೆ, ಶುಕ್ರವಾರ ಮಧ್ಯಾಹ್ನ ಶುರುವಾದ ಶೂಟಿಂಗ್ ಶನಿವಾರ ಬೆಳಕು ಹರಿಯುವ ತನಕ ಎಳೆಯುವುದು ಅಲ್ಲಿ ಮಾಮೂಲಾಗಿತ್ತು. ಫ್ರೈಡೇ, ಸ್ಯಾಟರ್‌ಡೇ ಎರಡನ್ನೂ ಸೇರಿಸಿ ಅದಕ್ಕೆ ಫ್ರಾಟರ್‌ಡೇ ಎಂದು ಅಡ್ಡಹೆಸರು ಬೇರೆ ಇಟ್ಟಿದ್ದರು. ಒಂದು ಕಷ್ಟಕ್ಕೆ ತಮಾಷೆಯ ಹೆಸರು ಬಿದ್ದಿದೆ ಎಂದರೆ ಅದು ಎಷ್ಟು ದಿನದಿಂದ ನಡೆದು ಬಂದಿದೆ ಎಂದು ನೀವೇ ಊಹಿಸಿ.

ಈಗ ಈ 11 ಗಂಟೆಯನ್ನು ಬಿಡಿಸಿ ನೋಡೋಣ. ರಾತ್ರಿ 8ಕ್ಕೆ ಪ್ಯಾಕಪ್, ಬೆಳಿಗ್ಗೆ 7ಕ್ಕೆ ಕಾಲ್. ಕಾಗದದ ಮೇಲೆ ಸರಿಯಾಗಿ 11 ಗಂಟೆ. ಕ್ಯಾಮೆರಾ ವಿಭಾಗ ಲೆನ್ಸ್ ಒರೆಸಿ, ಪೆಟ್ಟಿಗೆಗೆ ಹಾಕಿ, ಲಾರಿಗೆ ಏರಿಸುವ ಹೊತ್ತಿಗೆ 8.45. ಹೋಟೆಲ್ 1 ಗಂಟೆ 10 ನಿಮಿಷ ದೂರ. ಬೆಳಿಗ್ಗೆ ಮತ್ತೆ ಅಷ್ಟೇ ದೂರ. ಉಳಿದದ್ದು 8 ಗಂಟೆಗೆ 5 ನಿಮಿಷ ಕಡಿಮೆ. ಅದರಲ್ಲಿ ಸ್ನಾನ, ಊಟ, ಮನೆಗೆ ಒಂದು ಫೋನ್, ಬೆಳಿಗ್ಗೆ ತಯಾರಿ. ನಿದ್ದೆ ಆರು ಗಂಟೆ ಸಿಕ್ಕರೆ ಪುಣ್ಯ. ಮೇಕಪ್, ಕಾಸ್ಟ್ಯೂಮ್‌ನವರಿಗೆ ಒಂದೂವರೆ ಗಂಟೆ ಮುಂಚಿನ ಪ್ರೀ-ಕಾಲ್ ಇದ್ದರೆ ನಾಲ್ಕೂವರೆ. ಇದು ಒಂದು ದಿನದ ಕಥೆಯಾದರೆ ಪರವಾಗಿಲ್ಲ. ವಾರಕ್ಕೆ 6 ದಿನ, 9 ವಾರ ಅಂತ ಗುಣಿಸಿ ನೋಡಿ.

ಆದ್ದರಿಂದ ನಾನು ಟರ್ನ್‌ಅರೌಂಡ್ ಅನ್ನು ಹೋಟೆಲ್ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಎಣಿಸುತ್ತೇನೆ. ಪ್ಯಾಕಪ್ ಕೂಗಿದ ಕ್ಷಣದಿಂದ ಅಲ್ಲ. ಒಪ್ಪಂದದಲ್ಲಿ ಹಾಗೆ ಬರೆಯಲು ನಿರ್ಮಾಪಕರು ಒಪ್ಪದಿದ್ದರೆ ನನ್ನ ಪುಸ್ತಕದಲ್ಲಾದರೂ ಹಾಗೆ ಬರೆದುಕೊಳ್ಳುತ್ತೇನೆ. ಲೊಕೇಶನ್ ನೋಡಲು ಹೋದಾಗ ನಿರ್ದೇಶಕರು ಬೆಳಕು ನೋಡಲಿ, ನೀವು ಗಡಿಯಾರ ನೋಡಿ. ಬೆಳಿಗ್ಗೆ ಟ್ರಾಫಿಕ್ ಇರುವ ಹೊತ್ತಿನಲ್ಲೇ ಹೋಟೆಲ್‌ನಿಂದ ಲೊಕೇಶನ್‌ಗೆ ಒಮ್ಮೆ ಹೋಗಿ ಬನ್ನಿ. ಮ್ಯಾಪ್ ತೋರಿಸುವ ಸಮಯ ಒಂದು ಕಾರಿನದು. ಸಾಮಾನು ತುಂಬಿದ ವ್ಯಾನ್‌ಗಳ ಸಾಲು ಬೆಟ್ಟದ ತಿರುವಿನಲ್ಲಿ ಹಾಗೆ ಓಡುವುದಿಲ್ಲ.

ಬೆಟ್ಟ ಅಂದಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಎತ್ತರದ ಹಳ್ಳಿಯೊಂದರಲ್ಲಿ ರಾತ್ರಿ ಶೂಟಿಂಗ್. ಪ್ರತಿ ವಿಭಾಗದ ನಿದ್ದೆಯ ಲೆಕ್ಕವನ್ನು ಬಣ್ಣ ಬಣ್ಣದ ಪೆನ್ಸಿಲ್‌ನಲ್ಲಿ ಬರೆದಿದ್ದೆ, ಹೆಮ್ಮೆ ಬೇರೆ. ಎರಡನೇ ವಾರ ಒಂದು ರಾತ್ರಿ ಯಾವುದೋ ಕಾಗದ ಹುಡುಕಿಕೊಂಡು ಪಾರ್ಕಿಂಗ್‌ಗೆ ಹೋದೆ. ನಮ್ಮ ವ್ಯಾನಿನ ಒಳಗೆ ಡ್ರೈವರ್ ಸೀಟು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ್ದರು. ಶೂ ಬಿಚ್ಚಿ ಪೆಡಲ್ ಪಕ್ಕ ಜೋಡಿಸಿಟ್ಟಿದ್ದರು. ಹ್ಯಾಂಡ್‌ಬ್ರೇಕ್ ಮೇಲೆ ಟವೆಲ್ ಒಣಗುತ್ತಿತ್ತು. ಡ್ಯಾಶ್‌ಬೋರ್ಡ್ ಮೇಲೆ ಟೂತ್‌ಬ್ರಷ್. ಅವರು ಆ ಊರಿನವರೇ, ಆದ್ದರಿಂದ ಹೋಟೆಲ್ ರೂಮ್ ಬೇಡ ಎಂದು ನಾವೇ ತೀರ್ಮಾನಿಸಿದ್ದೆವು. ಅವರ ಮನೆ ಹೋಟೆಲ್‌ನಿಂದ ಇನ್ನೂ ಒಂದು ಗಂಟೆ ಆಚೆಗಿತ್ತು. ಕೊನೆಯ ಟ್ರಿಪ್ ಮುಗಿಸಿ ಮನೆಗೆ ಹೋದರೆ ಮೊದಲ ಟ್ರಿಪ್‌ಗೆ ಎದ್ದು ಬರಲು ಆಗುತ್ತಿರಲಿಲ್ಲ. ಹನ್ನೊಂದು ದಿನದಿಂದ ವ್ಯಾನೇ ಅವರ ಮನೆ. ನನ್ನ ಬಣ್ಣದ ಪಟ್ಟಿಯಲ್ಲಿ ಡ್ರೈವರ್‌ಗಳ ಸಾಲೇ ಇರಲಿಲ್ಲ.

ನಮ್ಮ 14 ಜನರ ಪ್ರಾಣ ದಿನಾ ಎರಡು ಸಲ ಅವರ ಕೈಯಲ್ಲಿತ್ತು. ಸತತ 17 ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ತೋರಿಸಿ ಕಾಲು ಶತಮಾನ ದಾಟಿದೆ. ಹಲವು ದೇಶಗಳಲ್ಲಿ ಆ ಮಟ್ಟಕ್ಕೆ ಲೈಸೆನ್ಸ್ ಹೋಗುತ್ತದೆ. 1997ರಲ್ಲಿ ಅಮೆರಿಕದಲ್ಲಿ ಒಬ್ಬ ಸಹಾಯಕ ಕ್ಯಾಮೆರಾಮನ್ 19 ಗಂಟೆಯ ದಿನ ಮುಗಿಸಿ ತಾವೇ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದರು. ಸ್ಟೀರಿಂಗ್ ಹಿಡಿದಂತೆಯೇ ನಿದ್ದೆ ಬಂತು, ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಉದ್ದದ ಕೆಲಸದ ದಿನಗಳ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿದರು. ಅಷ್ಟಾದರೂ 2021ರಲ್ಲಿ ಅದೇ ಮಾತಿಗೆ ಮುಷ್ಕರದ ಮತ ಹಾಕಬೇಕಾಯಿತು.

ನಿಮ್ಮ ಬಜೆಟ್‌ನಲ್ಲಿ ಹೀಗೆ ಮಾಡಿ. ಪ್ರತಿ ವ್ಯಾನ್‌ಗೆ ಎರಡು ಪಾಳಿಯ ಡ್ರೈವರ್. ಊರಿನವರಿಗೂ ಹೋಟೆಲ್‌ನಲ್ಲಿ ಒಂದೆರಡು ಖಾಲಿ ರೂಮ್. ದಿನ 14 ಗಂಟೆ ದಾಟಿದರೆ ಯಾರೂ ಸ್ವಂತ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ, ಗಾಡಿ ಇಲ್ಲವೇ ರೂಮ್ ಕಂಪನಿಯದು. ಖರ್ಚು ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್ ಮೊದಲು ಕತ್ತರಿ ಹಾಕುವುದು ಇದೇ ಸಾಲಿಗೆ, ಅದು ನನಗೆ ಗೊತ್ತು. ಆಗ ಕಾಫಿಯ ಮೆಷಿನ್ ಬಿಟ್ಟುಕೊಡಿ, ಇದನ್ನು ಬಿಡಬೇಡಿ.

ಸಾಧ್ಯವಾದರೆ ನಿರ್ದೇಶಕರ ಹತ್ತಿರ ಇನ್ನೊಂದು ಮಾತು ಆಡಿ ನೋಡಿ. ಊಟಕ್ಕೆ ಒಂದು ಗಂಟೆ ನಿಲ್ಲಿಸದೆ, ಕೈಗೆ ಕೈಗೆ ಊಟ ಕೊಡುತ್ತಾ, 10 ಗಂಟೆಗೆ ದಿನ ಮುಗಿಸುವ ಪದ್ಧತಿ ಇದೆ. ಫ್ರೆಂಚ್ ಅವರ್ಸ್ ಎನ್ನುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಯೂನಿಟ್ ಮತ್ತೆ ಬಿಸಿಯಾಗಲು ಹಿಡಿಯುವ ಅರ್ಧ ಗಂಟೆ ಉಳಿಯುತ್ತದೆ. ನನಗೆ ಇದು ಇಷ್ಟ. ಆದರೆ ಭಾರ ಎತ್ತುವ ವಿಭಾಗಗಳಿಗೆ ಸರದಿಯಲ್ಲಿ ಕೂತು ತಿನ್ನಲು ಹೆಚ್ಚುವರಿ ಕೈಗಳು ಬೇಕು. ಅದಿಲ್ಲದೆ ಮಾಡಿದರೆ ಅದು ಸುಮ್ನೆ ಊಟ ಕದ್ದ ಹಾಗೆ. ಸಂಘಗಳ ಒಪ್ಪಿಗೆಯೂ ಬೇಕಾಗುತ್ತದೆ.

ಇನ್ನು ದುಡ್ಡು. ಇಲ್ಲಿ ನಿಮಗೆ ಹೊಸದಾಗಿ ಎದುರಾಗುವ ಕಷ್ಟ ಒಂದೇ ಸೆಟ್‌ನಲ್ಲಿ ಎರಡು ಜಾತಿಯ ಸಿಬ್ಬಂದಿ ಇರುವುದು. ಹೊರಗಿನಿಂದ ಬಂದವರು, ಆ ಊರಲ್ಲೇ ಇದ್ದವರು. ಬಂದವರಿಗೆ ವಿಮಾನ, ಹೋಟೆಲ್, ಪರ್ ಡಿಯಮ್ ಅಂದರೆ ದಿನಭತ್ಯೆ. ಇದ್ದವರಿಗೆ ಸಂಬಳ ಮಾತ್ರ. ದಿನಭತ್ಯೆ ಕೊಡುವುದು ನ್ಯಾಯವೇ, ಮನೆಯಿಂದ ದೂರ ಇರುವವರಿಗೆ ಖರ್ಚು ಇರುತ್ತದೆ. ಆದರೆ ಒಂದು ಶೂಟಿಂಗ್‌ನಲ್ಲಿ ಅದನ್ನು ಪ್ರತಿ ಸೋಮವಾರ ಯೂನಿಟ್ ಬೇಸ್‌ನ, ಅಂದರೆ ಸೆಟ್ ಪಕ್ಕದ ಬಿಡಾರದ, ಮೇಜಿನ ಮೇಲೆ, ಲಕೋಟೆಯಲ್ಲಿ, ಹೆಸರು ಕೂಗಿ ಕೊಡುತ್ತಿದ್ದರು. ಸಾಲಿನಲ್ಲಿ ಬಂದವರು. ಪಕ್ಕದಲ್ಲಿ ಕೇಬಲ್ ಸುತ್ತುತ್ತಾ ನಿಂತಿದ್ದವರು ಇದ್ದವರು. ಒಂದು ಲಕೋಟೆಯಲ್ಲಿ ಎಷ್ಟಿದೆ ಎಂದು ಮೊದಲ ವಾರವೇ ಎಲ್ಲರಿಗೂ ಗೊತ್ತಾಯಿತು. ಕೆಲವರ ವಾರದ ಕೂಲಿಗಿಂತ ಅದು ಜಾಸ್ತಿ ಇತ್ತು. ಆಮೇಲೆ ಆ ಸೆಟ್‌ನಲ್ಲಿ ಯಾರೂ ಕೆಲಸ ನಿಲ್ಲಿಸಲಿಲ್ಲ, ಯಾರೂ ಕೂಗಾಡಲಿಲ್ಲ. ಪ್ರತಿಯೊಂದು ಕೆಲಸವೂ ಐದೈದು ನಿಮಿಷ ನಿಧಾನವಾಯಿತು, ಅಷ್ಟೇ. ನಿರ್ಮಾಪಕರು "ಇಲ್ಲಿನ ಜನ ಸೋಮಾರಿಗಳು" ಎಂದುಕೊಂಡೇ ವಾಪಸ್ ಹೋದರು.

ದಿನಭತ್ಯೆಯನ್ನು ಬ್ಯಾಂಕ್ ಖಾತೆಗೆ ಅಥವಾ ಕಾರ್ಡ್‌ಗೆ ಹಾಕಿ. ಖರ್ಚಾಗುವ ದೇಶದ ಹಣದಲ್ಲೇ ನಿಗದಿ ಮಾಡಿ, ಇಲ್ಲದಿದ್ದರೆ ವಿನಿಮಯ ದರ ಏರಿಳಿದಾಗಲೆಲ್ಲ ಕಚೇರಿಗೆ ಸಾಲು ಬರುತ್ತದೆ. ಊಟ ಮಾತ್ರ ಎಲ್ಲರಿಗೂ ಒಂದೇ ಅಡುಗೆ, ಒಂದೇ ಸಾಲು. ಒಂದೇ ಕೆಲಸಕ್ಕೆ ಓವರ್‌ಟೈಮ್ ಎಣಿಸುವ ರೀತಿ ಬೇರೆ ಬೇರೆ ಇದ್ದರೆ, ಬಂದವರಿಗೂ ಇದ್ದವರಿಗೂ ಯಾಕೆ ಹಾಗೆ ಎಂದು ಮೊದಲ ದಿನವೇ ಹೇಳಿ. ಕಾನೂನು ಬೇರೆ, ಸಂಘದ ಒಪ್ಪಂದ ಬೇರೆ ಎಂಬುದು ಜನರಿಗೆ ಅರ್ಥವಾಗುತ್ತದೆ. ಬಚ್ಚಿಟ್ಟದ್ದು ಅರ್ಥವಾಗುವುದಿಲ್ಲ. ಪ್ರಯಾಣದ ದಿನಕ್ಕೆ ಸಂಬಳ ಉಂಟೋ ಇಲ್ಲವೋ, ಪೂರ್ತಿಯೋ ಅರ್ಧವೋ ಎಂಬುದನ್ನೂ ಒಪ್ಪಂದದಲ್ಲಿ ಬರೆಯಿರಿ. ಜಗಳಗಳಲ್ಲಿ ಇದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಉದ್ದ ಎಳೆಯುವುದೂ ಇದೇ.

ತೆರಿಗೆಯಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಹೊರದೇಶದಲ್ಲಿ 183 ದಿನಕ್ಕಿಂತ ಕಡಿಮೆ ಇದ್ದರೆ ಅಲ್ಲಿ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ತಂತ್ರಜ್ಞರಿಗೆ ಅದು ಕೆಲವು ಷರತ್ತುಗಳ ಮೇಲೆ ನಿಜ. ಸಂಬಳ ಕೊಡುವ ಕಂಪನಿ ಅಲ್ಲಿಯದಾಗಿರಬಾರದು, ಸಂಬಳದ ಭಾರ ಅಲ್ಲಿನ ಶಾಖೆಯ ಮೇಲೆ ಬೀಳಬಾರದು. ಜಂಟಿ ನಿರ್ಮಾಣದಲ್ಲಿ ಈ ಎರಡೂ ಸುಲಭವಾಗಿ ತಪ್ಪುತ್ತವೆ. ನಟರ ವಿಷಯ ಪೂರ್ತಿ ಬೇರೆ. ಹೆಚ್ಚಿನ ತೆರಿಗೆ ಒಪ್ಪಂದಗಳಿಗೆ ಮಾದರಿಯಾದ, ಒಇಸಿಡಿ ಎಂಬ ದೇಶಗಳ ಸಂಘಟನೆಯ ಕರಡಿನ 17ನೇ ವಿಧಿಯ ಪ್ರಕಾರ ಕಲಾವಿದರು ಒಂದೇ ದಿನ ನಟಿಸಿದರೂ ನಟಿಸಿದ ದೇಶ ತೆರಿಗೆ ಹಾಕಬಹುದು. ಇದನ್ನು ಮೊದಲೇ ಹೇಳದಿದ್ದರೆ ವರ್ಷ ಕಳೆದ ಮೇಲೆ ಒಬ್ಬ ಸಣ್ಣ ಪಾತ್ರಧಾರಿಗೆ ನೋಟಿಸ್ ಬರುತ್ತದೆ. ಆಗ ನಿಮ್ಮ ಆಫೀಸೇ ಮುಚ್ಚಿರುತ್ತದೆ. ಯುರೋಪಿನೊಳಗೆ ಓಡಾಡುವ ಸಿಬ್ಬಂದಿಗೆ ಎ1 ಪ್ರಮಾಣಪತ್ರ ಮಾಡಿಸಿ. ಸಾಮಾಜಿಕ ಭದ್ರತೆಯ ವಂತಿಗೆ ಎರಡೆರಡು ಕಡೆ ಕತ್ತರಿಸುವುದನ್ನು ಅದು ತಡೆಯುತ್ತದೆ. ಎರಡೂ ದೇಶ ಗೊತ್ತಿರುವ ಪ್ರೊಡಕ್ಷನ್ ಅಕೌಂಟೆಂಟ್ ಒಬ್ಬರನ್ನು ಪ್ರೀ-ಪ್ರೊಡಕ್ಷನ್‌ನಲ್ಲೇ ಹಿಡಿಯಿರಿ.

ವೀಸಾ ವಿಷಯದಲ್ಲಿ ನನ್ನದು ಹಟ. "ಟೂರಿಸ್ಟ್ ವೀಸಾದಲ್ಲಿ ಬನ್ನಿ, ಯಾರು ಕೇಳುತ್ತಾರೆ" ಎಂದು ಹೇಳುವ ಫಿಕ್ಸರ್‌ಗಳು, ಅಂದರೆ ಅಲ್ಲಿನ ಶೂಟಿಂಗ್ ಕೆಲಸ ಹೊಂದಿಸಿಕೊಡುವವರು, ಎಲ್ಲ ಕಡೆ ಇದ್ದಾರೆ. ಕೇಳುವುದು ಇಮಿಗ್ರೇಷನ್ ಕೌಂಟರ್‌ನಲ್ಲಿ, ಉತ್ತರ ಹೇಳಬೇಕಾದವರು 23 ವರ್ಷದ ಸಹಾಯಕರು. ಸಿಕ್ಕಿಬಿದ್ದರೆ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದನ್ನು ಬರೆಯಬೇಕಾದವರು ಅವರು, ನೀವಲ್ಲ. ಅಮೆರಿಕದಲ್ಲಿ ಹೆಸರಾಂತ ಕಲಾವಿದರಿಗೆ ಓ-1 ವೀಸಾ ಇದೆ, ಅವರ ಕೆಲಸಕ್ಕೆ ಬೇಕೇಬೇಕಾದ ಸಹಾಯಕರಿಗೆ ಓ-2 ಇದೆ. ಬ್ರಿಟನ್‌ನಲ್ಲಿ ಕ್ರಿಯೇಟಿವ್ ವರ್ಕರ್ ಎಂಬ ತಾತ್ಕಾಲಿಕ ಕೆಲಸದ ವೀಸಾ ಇದೆ. ಯುರೋಪಿನ ಶೆಂಗೆನ್ ದೇಶಗಳ 180 ದಿನದಲ್ಲಿ 90 ದಿನ ಎಂಬ ಲೆಕ್ಕ ವಾಸಕ್ಕೆ ಮಾತ್ರ, ಕೆಲಸಕ್ಕೆ ಅನುಮತಿ ಆಯಾ ದೇಶದ್ದು ಬೇರೆ. ಪ್ರತಿಯೊಬ್ಬರ ಪಾಸ್‌ಪೋರ್ಟ್ ನೀವೇ ಕೈಯಲ್ಲಿ ಹಿಡಿದು ಅವಧಿ, ಖಾಲಿ ಪುಟ ನೋಡಿ. ನೋಡಿ ವಾಪಸ್ ಕೊಡಿ. "ಸುರಕ್ಷಿತವಾಗಿರಲಿ" ಎಂದು ಪಾಸ್‌ಪೋರ್ಟ್‌ಗಳನ್ನು ಆಫೀಸಿನ ಲಾಕರ್‌ನಲ್ಲಿ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ಬೇಕೆಂದಾಗ ಊರಿಗೆ ಹೋಗಲು ಆಗದ ಜನ ನೆಮ್ಮದಿಯಿಂದ ಮಲಗುವುದಿಲ್ಲ.

ಸಲಕರಣೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಎಟಿಎ ಕಾರ್ನೆಟ್ ಎಂಬ ಕಸ್ಟಮ್ಸ್ ದಾಖಲೆ ಇದ್ದರೆ ಕ್ಯಾಮೆರಾ, ಲೈಟುಗಳನ್ನು ಸುಂಕ ಕಟ್ಟದೆ ಒಳಗೆ ತಂದು ವಾಪಸ್ ಒಯ್ಯಬಹುದು. ಅದರ ಅವಧಿ ಒಂದು ವರ್ಷ. ಪಟ್ಟಿಯಲ್ಲಿ ಒಂದು ಸೀರಿಯಲ್ ನಂಬರ್ ತಪ್ಪಿದ್ದರೂ ಕಸ್ಟಮ್ಸ್‌ನಲ್ಲಿ ಇಡೀ ರಾತ್ರಿ ನಿಲ್ಲುವವರು ಕ್ಯಾಮೆರಾ ಅಸಿಸ್ಟೆಂಟ್. ಬ್ಯಾಟರಿಗಳದ್ದೂ ಅದೇ ಕಥೆ. 100 ವ್ಯಾಟ್-ಅವರ್ ಒಳಗಿನದು ಕೈಚೀಲದಲ್ಲಿ ಹೋಗುತ್ತದೆ, 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದು ಪ್ರಯಾಣಿಕರ ಸಾಮಾನಿನಲ್ಲಿ ಹೋಗುವುದೇ ಇಲ್ಲ. ಕ್ಯಾಮೆರಾ ಬ್ಯಾಟರಿಗಳ ಮೇಲೆ 98 ಎಂದು ಯಾಕೆ ಬರೆದಿರುತ್ತದೆ ಎಂದು ಈಗ ಗೊತ್ತಾಯಿತಲ್ವಾ? ಈ ಕೆಲಸ ಹೊತ್ತವರ ಜೊತೆ ಕಸ್ಟಮ್ಸ್ ಏಜೆಂಟ್ ಒಬ್ಬರನ್ನು ನಿಲ್ಲಿಸಿ, ಮಾರನೇ ದಿನ ಅವರಿಗೆ ಕಾಲ್ ಕೊಡಬೇಡಿ.

ಆರೋಗ್ಯದ ತಯಾರಿ ಟಿಕೆಟ್‌ಗಿಂತ ಮೊದಲು. ಹಳದಿ ಜ್ವರದ ಲಸಿಕೆ ಕೇಳುವ ದೇಶಕ್ಕೆ ಹೋಗುವುದಾದರೆ, ಚುಚ್ಚಿಸಿಕೊಂಡ 10 ದಿನದ ನಂತರವೇ ಪ್ರಮಾಣಪತ್ರ ಊರ್ಜಿತ. ಕೊನೆಯ ವಾರ ಬದಲಿಯಾಗಿ ಬಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. 3,000 ಮೀಟರ್‌ಗಿಂತ ಎತ್ತರದಲ್ಲಿ ಶೂಟಿಂಗ್ ಇದ್ದರೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಶೆಡ್ಯೂಲ್ ಎಷ್ಟೇ ಅವಸರ ಮಾಡಿದರೂ. ಔಷಧಿಗಳನ್ನು ಮರೆಯಬೇಡಿ. ಒಂದು ದೇಶದಲ್ಲಿ ವೈದ್ಯರೇ ಬರೆದುಕೊಡುವ ಮಾತ್ರೆ ಇನ್ನೊಂದು ದೇಶದಲ್ಲಿ ಅಪರಾಧವಾಗಬಹುದು. ಗಮನದ ತೊಂದರೆಗೆ ಕೊಡುವ ಆಂಫೆಟಮಿನ್ ಮಾತ್ರೆಯನ್ನು ಚೀಟಿ ಇದ್ದರೂ ಜಪಾನ್‌ಗೆ ಒಯ್ಯುವಂತಿಲ್ಲ. "ನೀವು ಏನು ತೆಗೆದುಕೊಳ್ಳುತ್ತೀರಿ" ಎಂದು ಒಬ್ಬೊಬ್ಬರನ್ನೇ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೋಗುವ ದೇಶದ ಕಾನೂನನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡಿ: ಔಷಧಿ, ಮದ್ಯ, ಉಡುಪು, ಫೋಟೋ ತೆಗೆಯಬಾರದ ಜಾಗ, ಸಲಿಂಗ ಸಂಬಂಧದ ಬಗ್ಗೆ ಅಲ್ಲಿನ ಕಾನೂನು, ಎಲ್ಲವೂ. ಎಲ್ಲರ ಕೈಯಲ್ಲೂ ಹಾಳೆ ಇದ್ದರೆ ಯಾರೂ ತಮ್ಮ ಗುಟ್ಟು ಬಿಚ್ಚಿ ನಿಮ್ಮ ಹತ್ತಿರ ಬರಬೇಕಾಗಿಲ್ಲ. ವೈದ್ಯರ ಫೋನ್ ನಂಬರ್ ಕೆಳಗೆ ಇರಲಿ.

ವಿಮೆಯ ಬಗ್ಗೆ ಒಂದೇ ಮಾತು. ತುರ್ತಿನಲ್ಲಿ ಬೇರೆ ದೇಶದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಇದೆಯೇ, ಇದ್ದವರಿಗೂ ಅದು ಅನ್ವಯಿಸುತ್ತದೆಯೇ, ಇಷ್ಟು ಓದಿ ಸಹಿ ಹಾಕಿ.

ಭಾಷೆಗೆ ಬರೋಣ. ಸೆಟ್‌ನಲ್ಲಿ ಎರಡು ಮೂರು ಭಾಷೆ ಓಡುತ್ತವೆ. ಬೆಳಗಿನ ಸುರಕ್ಷತೆಯ ಮಾತನ್ನು ಫಸ್ಟ್ ಎಡಿ, ಅಂದರೆ ಸೆಟ್ ನಡೆಸುವ ಮೊದಲ ಸಹಾಯಕ ನಿರ್ದೇಶಕರು, ಇಂಗ್ಲಿಷ್‌ನಲ್ಲಿ ಹೇಳಿ "ಎಲ್ಲರಿಗೂ ಅರ್ಥವಾಯಿತಾ?" ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ದುಭಾಷಿ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಮಾತು ಮುಗಿದ ಮೇಲೆ ಲೈಟ್ ವಿಭಾಗದ ಒಬ್ಬರ ಹತ್ತಿರ ಹೋಗಿ "ಬೆಂಕಿ ಬಿದ್ದರೆ ನಾವು ಯಾವ ಕಡೆ ಓಡಬೇಕಂತೆ?" ಎಂದು ತಮಗೇ ಗೊತ್ತಿಲ್ಲದವರಂತೆ ಕೇಳುತ್ತಿದ್ದರು. ಒಂದು ದಿನ ಮೂರು ಜನ ಮೂರು ದಿಕ್ಕು ತೋರಿಸಿದರು. ಫಸ್ಟ್ ಎಡಿ ಮತ್ತೆ ಮೊದಲಿನಿಂದ, ಈ ಸಲ ನಡೆದು ತೋರಿಸುತ್ತಾ ಹೇಳಿದರು. ಹತ್ತು ನಿಮಿಷ ಹೋಯಿತು. ದುಭಾಷಿಯನ್ನು ನಿರ್ದೇಶಕರ ಪಕ್ಕಕ್ಕೆ ಮಾತ್ರ ಕೊಡಬೇಡಿ, ಎತ್ತರದ ಕೆಲಸ, ವಿದ್ಯುತ್, ಸ್ಟಂಟ್ ಇರುವ ವಿಭಾಗಗಳಿಗೂ ಒಬ್ಬರು ಬೇಕು. ಕಾಲ್‌ಶೀಟ್ ಕೂಡ ಎರಡು ಭಾಷೆಯಲ್ಲಿ ಹೋಗಲಿ. ಇಲ್ಲಿ ಕಾಲ್‌ಶೀಟ್ ಅಂದರೆ ನಟರ ಡೇಟ್ಸ್ ಅಲ್ಲ, ನಾಳೆ ಯಾರು ಎಷ್ಟೊತ್ತಿಗೆ ಎಲ್ಲಿ ಬರಬೇಕು ಎನ್ನುವ ಹಾಳೆ.

ಈಗ ನಿಮ್ಮ ಇಬ್ಬರ ವಿಷಯ. ಯಾಕೆ ಬಿಟ್ಟರು ಅಂತ ಗೊತ್ತಾಗಲಿಲ್ಲ, ಯಾಕೆಂದರೆ ಅವರು ಹೇಳುವಂಥ ಜಾಗವೇ ಇರಲಿಲ್ಲ ಅಂತ ನನ್ನ ಊಹೆ. ನಮ್ಮದು ಫ್ರೀಲ್ಯಾನ್ಸ್ ಲೋಕ. ಮುಂದಿನ ಕೆಲಸ ಸಿಗುವುದು ಇವತ್ತಿನ ವಿಭಾಗದ ಮುಖ್ಯಸ್ಥರ ಒಂದು ಫೋನ್‌ನಿಂದ. ಅದೇ ಮುಖ್ಯಸ್ಥರು ದಿನಾ ಬೈಯುತ್ತಿದ್ದರೆ ಯಾರ ಹತ್ತಿರ ಹೇಳುವುದು? ನಿಮ್ಮ ಹತ್ತಿರವೇ? ನೀವು ಆ ಮುಖ್ಯಸ್ಥರ ಜೊತೆ ದಿನಾ ಊಟ ಮಾಡುವವರು. ಹಾಗಾಗಿ ದೂರು ಹೇಳಲು ಕನಿಷ್ಠ ಇಬ್ಬರು ಬೇಕು. ಒಬ್ಬರು ಬಂದವರ ಕಡೆಯವರು, ಒಬ್ಬರು ಇದ್ದವರ ಕಡೆಯವರು. ಇಬ್ಬರಲ್ಲಿ ಒಬ್ಬರಾದರೂ ಸೆಟ್‌ನಲ್ಲಿ ಯಾರಿಗೂ ಕೆಲಸ ಕೊಡುವ, ಕೀಳುವ ಅಧಿಕಾರ ಇಲ್ಲದವರಾಗಿರಬೇಕು. ಅವರ ನಂಬರ್ ಕಾಲ್‌ಶೀಟ್‌ನ ಮೊದಲ ಪುಟದಲ್ಲಿ ಇರಲಿ. ರಾತ್ರಿ 2 ಗಂಟೆಗೆ ಆ ನಂಬರ್‌ಗೆ ನೀವೇ ಒಂದು ಸಲ ಫೋನ್ ಮಾಡಿ ನೋಡಿ, ಎತ್ತುತ್ತಾರೋ ಇಲ್ಲವೋ.

ಬ್ರಿಟನ್‌ನಲ್ಲಿ 2018ರಲ್ಲಿ ಬಾಫ್ಟಾ ಮತ್ತು ಬಿಎಫ್‌ಐ ಎಂಬ ಸಿನಿಮಾ ಸಂಸ್ಥೆಗಳು ಸೇರಿ ಕಿರುಕುಳ, ದಬ್ಬಾಳಿಕೆ ತಡೆಯುವ ನಿಯಮಾವಳಿ ಹೊರತಂದವು. ಅದೇ ವರ್ಷ ಅಲ್ಲಿನ ಫಿಲ್ಮ್ ಆ್ಯಂಡ್ ಟಿವಿ ಚಾರಿಟಿ 24 ಗಂಟೆಯ ಸಹಾಯವಾಣಿ ಶುರು ಮಾಡಿತು. ನೀವು ಹೋಗುವ ದೇಶದಲ್ಲಿ ಅಂಥದ್ದು ಇದ್ದರೆ ಕಾಲ್‌ಶೀಟ್‌ಗೆ ಸೇರಿಸಿ. ಆತ್ಮೀಯ ದೃಶ್ಯಗಳಿದ್ದರೆ ಅವುಗಳಲ್ಲಿ ನಟರ ಒಪ್ಪಿಗೆ, ಮಿತಿ ನೋಡಿಕೊಳ್ಳುವ ಇಂಟಿಮಸಿ ಕೋಆರ್ಡಿನೇಟರ್ ಇರಲಿ, ಚಿತ್ರೀಕರಣದ ದಿನಕ್ಕಲ್ಲ, ಸ್ಕ್ರಿಪ್ಟ್ ಓದುವ ದಿನಕ್ಕೆ.

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸೆಟ್‌ನಲ್ಲೇ ಗುಂಡು ತಗುಲಿ ಛಾಯಾಗ್ರಾಹಕಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅದೇ ದಿನ ಬೆಳಿಗ್ಗೆ ಕ್ಯಾಮೆರಾ ವಿಭಾಗದ ಹಲವರು ಕೆಲಸ ಬಿಟ್ಟು ಹೊರಗೆ ನಡೆದಿದ್ದರು. ಸುರಕ್ಷತೆ, ತಡವಾದ ಸಂಬಳ, ದೂರದ ವಸತಿ, ಇವೆಲ್ಲ ಅವರ ದೂರಿನಲ್ಲಿದ್ದವು. ಹೋಟೆಲ್ ದೂರ ಎಂದು ಗೊಣಗುವವರನ್ನು ಸೆಟ್‌ಗಳಲ್ಲಿ ನಾಜೂಕಿನವರು ಎಂದು ಆಡಿಕೊಳ್ಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಬೆಳಿಗ್ಗೆ ನೆನಪಾಗುತ್ತದೆ. ಜನ ಎದ್ದು ಹೋಗುತ್ತಿದ್ದರೆ ಅವತ್ತು ಕ್ಯಾಮೆರಾ ಆನ್ ಮಾಡಬಾರದು. ನಿಂತು ಕೇಳಬೇಕು.

ನೀವು ಹೀಗೆ ಮಾಡಿ. ಆ ಇಬ್ಬರಿಗೆ ಈಗ ಫೋನ್ ಮಾಡಿ. ಮತ್ತೆ ಕೆಲಸಕ್ಕೆ ಕರೆಯುವ ಮಾತು ಎತ್ತಬೇಡಿ, ಸಮರ್ಥನೆಯೂ ಬೇಡ. "ಹೊಸ ಶೂಟಿಂಗ್ ಯೋಜನೆ ಮಾಡುತ್ತಿದ್ದೇನೆ, ಆಗ ಏನು ತಪ್ಪಿತು ಹೇಳಿ" ಎಂದು ಕೇಳಿ ಸುಮ್ಮನಿರಿ. ಮೊದಲ ಎರಡು ನಿಮಿಷ "ಏನಿಲ್ಲ ಬಿಡಿ" ಎನ್ನುತ್ತಾರೆ. ಫೋನ್ ಇಡಬೇಡಿ. ಮೂರನೇ ನಿಮಿಷಕ್ಕೆ ಒಂದು ಹೆಸರೋ, ಒಂದು ರಾತ್ರಿಯೋ, ಬರದೇ ಉಳಿದ ಒಂದು ಬಿಲ್ಲೋ ಹೊರಗೆ ಬರುತ್ತದೆ. ನಾನು ಬರೆದ ಎಲ್ಲದಕ್ಕಿಂತ ಅದು ನಿಮಗೆ ಹೆಚ್ಚು ಉಪಯೋಗ.

ಹೊಸ ಶೂಟಿಂಗ್‌ನಲ್ಲಿ ಬಿಟ್ಟು ಹೋಗುವ ಮೊದಲೇ ಕೇಳಿ. ಮೂರನೇ ವಾರದ ಮಧ್ಯೆ ವಿಭಾಗಕ್ಕೆ ಒಬ್ಬರಂತೆ, ಮುಖ್ಯಸ್ಥರನ್ನು ಬಿಟ್ಟು ಅತ್ಯಂತ ಕಿರಿಯರ ಜೊತೆ ಹತ್ತು ನಿಮಿಷ ಮಾತಾಡಿ. ಪ್ರಶ್ನೆ ಎರಡೇ: ನಿನ್ನೆ ಎಷ್ಟು ಗಂಟೆ ಮಲಗಿದಿರಿ, ನಿಮಗೆ ಕಂಪನಿಯಿಂದ ಬರಬೇಕಾದ ದುಡ್ಡು ಏನಾದರೂ ಬಾಕಿ ಇದೆಯಾ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ನಿದ್ದೆಗೂ ದುಡ್ಡಿಗೂ ಅಂಕಿಯಲ್ಲೇ ಉತ್ತರ ಕೊಡಬೇಕು, ಅಂಕಿ ಸುಳ್ಳು ಹೇಳಲು ಸ್ವಲ್ಪ ಕಷ್ಟ.

ಬಜೆಟ್‌ನಲ್ಲಿ ನಾಲ್ಕೈದು ಟಿಕೆಟ್‌ಗಳಷ್ಟು ಹಣ ತುರ್ತಾಗಿ ಊರಿಗೆ ಹೋಗುವವರಿಗೆ ಎಂದು ತೆಗೆದಿಡಿ. 9 ವಾರದಲ್ಲಿ 35 ಜನರ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಅಪ್ಪನಿಗೆ ಆಪರೇಷನ್, ಮಗುವಿಗೆ ಜ್ವರ, ಒಂದು ಸಾವು. ಆಗ ಅವರು ರಜೆಯ ಅರ್ಜಿ ಬರೆದು, ಟಿಕೆಟ್ ದರ ನೋಡಿ, ನಿರ್ಮಾಪಕರ ಮುಖ ನೋಡುತ್ತಾ ನಿಲ್ಲಬಾರದು. ಆ ಹಣ ಇದೆ ಎಂದು ಮೊದಲ ದಿನವೇ ಎಲ್ಲರಿಗೂ ತಿಳಿಸಿ. ನನ್ನ ಶೂಟಿಂಗ್‌ಗಳಲ್ಲಿ ಆ ಸಾಲು ಪೂರ್ತಿ ಖರ್ಚಾದದ್ದು ಕಡಿಮೆ. ಹೋದವರಲ್ಲಿ ಹೆಚ್ಚಿನವರು ವಾಪಸ್ ಬಂದರು.

ಕೊನೆಗೆ ಒಂದು ಸಣ್ಣ ಕೆಲಸ, ಮೊದಲ ವಾರದಲ್ಲೇ ಮಾಡಿ ಮುಗಿಸಿ. ಟೈಟಲ್ಸ್‌ನಲ್ಲಿ ಬರುವ ಹೆಸರುಗಳ ಪಟ್ಟಿ. ಶೂಟಿಂಗ್ ಮುಗಿದು ಎಂಟು ತಿಂಗಳಾದ ಮೇಲೆ ಬೇರೆ ದೇಶದ ಎಡಿಟಿಂಗ್ ಕೋಣೆಯಲ್ಲಿ ಯಾರೋ ಆ ಪಟ್ಟಿ ಟೈಪ್ ಮಾಡುತ್ತಾರೆ. ಇದ್ದವರ ಹೆಸರುಗಳು ಅಲ್ಲಿ ತಪ್ಪುತ್ತವೆ, ಇಲ್ಲವೇ ಬಿಟ್ಟೇ ಹೋಗುತ್ತವೆ. ಸಂಬಳದ ಪಟ್ಟಿಯಿಂದ ನಕಲು ಮಾಡಿದರೆ ಪಾಸ್‌ಪೋರ್ಟ್‌ನ ಹೆಸರು ಬರುತ್ತದೆ, ಅವರನ್ನು ಎಲ್ಲರೂ ಕರೆಯುವ ಹೆಸರು ಬರುವುದಿಲ್ಲ. ಒಂದು ನೋಟ್‌ಬುಕ್ ಯೂನಿಟ್ ಬೇಸ್‌ನಲ್ಲಿ ಇಡಿ. ತೆರೆಯ ಮೇಲೆ ಹೇಗೆ ಕಾಣಬೇಕೋ ಹಾಗೆ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಬರೆಯಲಿ. ಡ್ರೈವರ್‌ಗಳಿಂದ ಶುರು ಮಾಡಿ.